ಸೂಜಿ ನೋವಿಗೆ, ಮಾತ್ರೆ ಸಕ್ಕರೆಗೆ

ಕಂಪಲಾಪುರದ ಚಿಕ್ಕಬೀರಮ್ಮನ ಬಲಗೈ ಮೇಲಕ್ಕೆ ಏಳದೆ ನಾಲ್ಕು ತಿಂಗಳಾಗಿತ್ತು. ಹೆಗಲು ಹಿಡಿದುಕೊಂಡಿತ್ತು. ಹೊಗೆಸೊಪ್ಪು ಕಟ್ಟುವ ಕೆಲಸಕ್ಕೆ ಹೋಗಲು ಆಗದು, ತಲೆಗೆ ನೀರು ಹಾಕಿಕೊಳ್ಳಲು ಆಗದು. ತುರುಬನ್ನೂ ಗಂಡ ಕುಳ್ಳಯ್ಯನೇ ಕಟ್ಟಬೇಕು. ಅವನೋ ಸೊಪ್ಪಿನ ಕಂತೆ ಬಿಗಿದ ಹಾಗೆ ಬಿಗಿಯುತ್ತಿದ್ದ.

"ಮೆತ್ತಗೆ ಕಣಪ್ಪಾ, ಕಣ್ಣು ಕಿತ್ಕೊಂಡು ಬತ್ತವೆ!" ಎಂದು ಅವಳು ಕೂಗಿದರೆ ಬೀದಿಯೆಲ್ಲ ನಗುತ್ತಿತ್ತು.

ಒಂದು ಬೆಳಿಗ್ಗೆ ಊರಿನ ಆಶಾ ಕಾರ್ಯಕರ್ತೆ ಶಾಂತಲಾ ಓಡೋಡಿ ಬಂದಳು.

"ದೊಡ್ಡವ್ವಾ, ಇನ್ಮೇಲೆ ಶನಿವಾರ ಶನಿವಾರ ಸಮುದಾಯ ಭವನಕ್ಕೆ ರಮ್ಯಾ ಡಾಕ್ಟ್ರು ಬತ್ತಾರೆ. ಅಕ್ಯುಪಂಕ್ಚರ್ ಮಾಡ್ತಾರೆ. ಹೆಗಲು ಹಿಡ್ಕೊಂಡೋರಿಗೆ, ಮಂಡಿ ನೋವಿನೋರಿಗೆ. ಕೂದಲಿನಷ್ಟು ಸಣ್ಣ ಸೂಜಿ ಚುಚ್ತಾರೆ, ಅಷ್ಟೇ!"

"ಯಾವೂರ ಮದ್ದವ್ವಾ ಅದು?" ಎಂದ ಕುಳ್ಳಯ್ಯ.

"ಚೀನಾದ್ದು ದೊಡ್ಡಪ್ಪ. ಅಲ್ಲಿ ಬಾಳ ಹಿಂದಿನಿಂದ್ಲೂ ಮಾಡ್ತಾವ್ರೆ."

"ಸಂತೇಲಿ ತಂದ ಚೀನಾ ಟಾರ್ಚು ಮೂರು ದಿನ ಉರೀಲಿಲ್ಲ, ಇನ್ನು ಚೀನಾ ಸೂಜಿ! ಅಲ್ಲ ಕಣವ್ವಾ, ಒಬ್ರಿಗೆ ಚುಚ್ಚಿದ್ದನ್ನೇ ಇನ್ನೊಬ್ರಿಗೆ ಚುಚ್ಚಿದ್ರೆ? ಇಲ್ಲದ ಕಾಯಿಲೆ ತಂದ್ಕೊಳಾನಾ?"

ಶಾಂತಲಾ ಸಿಟ್ಟಾಗಲಿಲ್ಲ. "ಸರಿಯಾಗೇ ಕೇಳಿದ್ರಿ. ಬನ್ನಿ, ಅದನ್ನೇ ಡಾಕ್ಟ್ರ ಹತ್ರ ಕೇಳಿ" ಎಂದಳು.

ಶನಿವಾರ ಸಮುದಾಯ ಭವನಕ್ಕೆ ಹೋದಾಗ ಕುಳ್ಳಯ್ಯ ಕೇಳಿಯೇಬಿಟ್ಟ. ಡಾಕ್ಟರ್ ರಮ್ಯಾ ನಕ್ಕು, ತಾವು ಓದಿದ ಪ್ರಮಾಣಪತ್ರ ತೋರಿಸಿದರು. ಆಮೇಲೆ ಸೂಜಿಯ ಪೊಟ್ಟಣವನ್ನು ಅವನ ಕಣ್ಣೆದುರೇ ಹರಿದರು.

"ಇದು ಒಬ್ಬರಿಗೆ, ಒಂದೇ ಸಲ. ಆಮೇಲೆ ಆ ಡಬ್ಬಿಗೆ ಹಾಕಿ ನಾಶ ಮಾಡ್ತೀವಿ" ಎಂದರು. ಚಿಕ್ಕಬೀರಮ್ಮನ ಕಡೆ ತಿರುಗಿ, "ಏನೇನು ಮಾತ್ರೆ ತಗೋತೀರಮ್ಮ?" ಎಂದು ಕೇಳಿದರು.

"ಸಕ್ಕರೆ ಕಾಯಿಲೆದು ಅವ್ವಾ. ಆರು ವರ್ಷ ಆಯ್ತು."

"ಸಕ್ಕರೆ ಇರೋರಿಗೆ ಹೆಗಲು ಹೀಗೆ ಹಿಡಿದುಕೊಳ್ಳೋದು ಜಾಸ್ತಿ. ಸೂಜಿಯಿಂದ ನೋವು ಇಳೀಬಹುದು. ಎಲ್ಲರಿಗೂ ಇಳಿಯುತ್ತೆ ಅಂತ ನಾನು ಹೇಳಲ್ಲ. ನೀವು ದಿನಾ ಗೋಡೆ ಮೇಲೆ ಬೆರಳು ನಡೆಸಿ, ಕೈ ಮೇಲಕ್ಕೆ ಒಯ್ಯಬೇಕು. ಸಕ್ಕರೆ ಮಾತ್ರೆ ಮಾತ್ರ ಬಿಡಬಾರದು."

ಎರಡನೇ ಶನಿವಾರಕ್ಕೆ ನೋವು ಕೊಂಚ ಇಳಿಯಿತು. ಚಿಕ್ಕಬೀರಮ್ಮ ಗೋಡೆಗೆ ಬೆರಳು ಹತ್ತಿಸಿ, ಮುಟ್ಟಿದ ಕಡೆ ಇದ್ದಿಲಲ್ಲಿ ಗೀಟು ಎಳೆದಳು. ಮಾರನೇ ದಿನ ಅದಕ್ಕಿಂತ ಒಂದು ಬೆರಳು ಮೇಲೆ. ಇನ್ನೆರಡು ದಿನಕ್ಕೆ ಇನ್ನೊಂದು ಗೀಟು. ಕುಳ್ಳಯ್ಯನೇ ದಿನಾ ಬೆಳಿಗ್ಗೆ ಎದ್ದು, "ಎಲ್ಲಿಗಂಟ ಓಯ್ತು ಬೀರಿ?" ಎಂದು ಕೇಳತೊಡಗಿದ. ಆರನೇ ವಾರ ಅವಳು ತಾನೇ ತುರುಬು ಕಟ್ಟಿಕೊಂಡು ಬೀದಿಗೆ ಓಡಿದಳು.

"ನೋಡ್ರವ್ವಾ! ಕೈ ಎದ್ಬುಡ್ತು! ನೋಡ್ರೇ!"

ನೀರು ಹಿಡಿಯುತ್ತಿದ್ದವರು ಕೊಡ ಬಿಟ್ಟು ಬಂದರು. ಪಕ್ಕದ ಮನೆ ಮಾಯಮ್ಮ ಅವಳ ಕೈಯನ್ನು ತಾನೇ ಎತ್ತಿ ಇಳಿಸಿ ನೋಡಿದಳು. ಕುಳ್ಳಯ್ಯ ಜಗಲಿಯಲ್ಲಿ ನಿಂತು, "ಅಯ್ಯೋ, ನನ್ ಕೆಲ್ಸ ಓಯ್ತಲ್ಲೇ!" ಎಂದು ನಕ್ಕ. ಅವನ ಕಣ್ಣು ಒದ್ದೆಯಾಗಿತ್ತು.

ಆ ಸಂಭ್ರಮದಲ್ಲೇ ಚಿಕ್ಕಬೀರಮ್ಮ ಒಂದು ತಪ್ಪು ಮಾಡಿದಳು. 'ಇಷ್ಟು ದೊಡ್ಡ ನೋವೇ ಹೋಯ್ತು, ಇನ್ನು ಸಕ್ಕರೆ ಯಾವ ಲೆಕ್ಕ?' ಎಂದುಕೊಂಡು ಮಾತ್ರೆಗಳನ್ನು ಅಕ್ಕಿ ಡಬ್ಬದ ಹಿಂದೆ ತಳ್ಳಿದಳು. ಯಾರಿಗೂ ಹೇಳಲಿಲ್ಲ. ಎರಡು ವಾರಕ್ಕೆ ಬಾಯಿ ಒಣಗತೊಡಗಿತು. ಎಷ್ಟು ನೀರು ಕುಡಿದರೂ ದಾಹ, ಮತ್ತೆ ಮತ್ತೆ ಮೂತ್ರ, ಕಾಲಲ್ಲಿ ಉರಿ.

ಮುಂದಿನ ಶನಿವಾರ ಸಮುದಾಯ ಭವನದ ಮೆಟ್ಟಿಲು ಹತ್ತುವಾಗ ಅವಳಿಗೆ ತಲೆ ಸುತ್ತಿತು. ಶಾಂತಲಾ ಹಿಡಿದು ಕೂರಿಸಿ, ಬೆರಳ ತುದಿಯಿಂದ ಒಂದು ತೊಟ್ಟು ರಕ್ತ ತೆಗೆದು ನೋಡಿದಳು. ಮೀಟರಿನಲ್ಲಿ ಸಕ್ಕರೆ 348 ಬಂತು, ಇರಬೇಕಾದುದಕ್ಕಿಂತ ತುಂಬಾ ಜಾಸ್ತಿ!

"ಮಾತ್ರೆ ಬಿಟ್ಟಿದ್ದೀರಾ ದೊಡ್ಡವ್ವಾ?"

ಚಿಕ್ಕಬೀರಮ್ಮ ತಲೆ ತಗ್ಗಿಸಿದಳು. "ಸೂಜಿ ಎಲ್ಲಾ ವಾಸಿ ಮಾಡ್ತದೆ ಅನ್ಕಂಡೆ ಕಣವ್ವಾ."

"ಇವತ್ತು ಸೂಜಿ ಬೇಡ. ಮೊದಲು ಆಸ್ಪತ್ರೆ" ಎಂದರು ಡಾಕ್ಟರ್ ರಮ್ಯಾ. "ನನ್ನ ಸೂಜಿ ನೋವಿಗಷ್ಟೇ ಅಮ್ಮಾ. ಸಕ್ಕರೆ ಹತೋಟಿಗೆ ಮಾತ್ರೆಯೇ ಬೇಕು. ಎರಡೂ ಜೊತೆಯಲ್ಲಿ ನಡೀಬೇಕು."

ಕುಳ್ಳಯ್ಯ ಬೈಯಲು ಬಾಯಿ ತೆರೆದ. "ನನ್ನೊಬ್ನೇ ಬುಟ್ಟು ಓಗಾನ ಅಂತಿದ್ದೀಯೇನೇ?" ಎಂದಷ್ಟೇ ಹೇಳಿ ಆಟೊ ಕರೆಯಲು ಓಡಿದ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಪರೀಕ್ಷೆ ಮಾಡಿ ಮತ್ತೆ ಮಾತ್ರೆ ಶುರು ಮಾಡಿಸಿದರು. ಅಂದಿನಿಂದ ಮಾತ್ರೆಯ ಹೊತ್ತು ನೆನಪಿಸುವುದು ಕುಳ್ಳಯ್ಯನ ಕೆಲಸವಾಯಿತು. ತಿಂಗಳು ಕಳೆಯುವುದರೊಳಗೆ ಸಕ್ಕರೆ 160ಕ್ಕೆ ಇಳಿಯಿತು. ಸೂಜಿ ಚಿಕಿತ್ಸೆ, ಗೋಡೆಯ ವ್ಯಾಯಾಮ ಎರಡೂ ಮುಂದುವರಿದವು. ಈಗ ಚಿಕ್ಕಬೀರಮ್ಮ ಸೊಪ್ಪು ಕಟ್ಟುವ ಗುಂಪಿಗೆ ಮತ್ತೆ ಸೇರಿದ್ದಾಳೆ.

ಮೊನ್ನೆ ಶನಿವಾರ ಅವಳ ಸರದಿ ಮುಗಿದ ಮೇಲೆ ಕುಳ್ಳಯ್ಯ ಶಾಂತಲಾಳ ಮುಂದೆ ಬಂದು ಕೂತು, ತನ್ನ ಬೆರಳು ಚಾಚಿದ.

"ನಂದೂ ಒಂದ್ ತೊಟ್ಟು ನೋಡವ್ವಾ. ಅರವತ್ತೆರಡು ವರ್ಷ ಆಯ್ತು, ಒಂದ್ ಸಲಾನೂ ನೋಡ್ಸಿಲ್ಲ."

ಅವನ ಹಿಂದೆ ಮಾಯಮ್ಮ, ಅವಳ ಹಿಂದೆ ಇನ್ನೂ ಏಳು ಮಂದಿ ಸಾಲು ನಿಂತರು.

ನಿಮ್ಮ ಮನೆಯಲ್ಲೂ ಹೆಗಲು ನೋವು, ಮಂಡಿ ನೋವು ಅಂತ ನರಳುವವರು ಇರಬಹುದು. ಅಕ್ಯುಪಂಕ್ಚರ್ ಮಾಡಿಸಬೇಕು ಅನ್ನಿಸಿದರೆ ಮಾಡಿಸಿ, ಆದರೆ ಓದಿ ಕಲಿತ ವೈದ್ಯರ ಹತ್ತಿರವೇ ಹೋಗಿ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮೆದುರಿಗೇ ಒಡೆಯಲು ಹೇಳಿ, ಅದಕ್ಕೆ ನಾಚಿಕೆ ಬೇಡ. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಅವರಿಗೆ ತೋರಿಸಿ. ನೋವು ಇಳಿಯಿತು ಅಂತ ಸಕ್ಕರೆ, ಬಿಪಿ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂವತ್ತು ದಾಟಿದವರು ಈ ವಾರವೇ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕಂಡು ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿಕೊಳ್ಳಿ. ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರನ್ನೂ ಕೈ ಹಿಡಿದು ಕರೆದುಕೊಂಡು ಹೋಗಿ.