ದೊಡ್ಡ ಮನೆತನದ ರಕ್ತ

ಮೈಸೂರು ರಾಜ್ಯ ಕರ್ನಾಟಕವಾದ ವರ್ಷ ಶಿವಕಾಂತಮ್ಮನ ಮಗಳಿಗೆ ಎರಡು ತುಂಬಿತು. ಹೆಸರಿಗೆ ಮಾಣಿಕಮ್ಮ, ತುಟಿಯಲ್ಲಿ ಹನಿ ಕೆಂಪಿಲ್ಲ. ಅಂಗಳ ದಾಟುವಷ್ಟರಲ್ಲಿ ಏದುಸಿರು. "ಎಲುಬಿನೊಳಗಿನ ಮಜ್ಜೆ ಕೆಂಪುರಕ್ತ ಹುಟ್ಟಸವಲ್ದು. ಅಪರೂಪದ ರೋಗ. ಆಗಾಗ ಬ್ಯಾರೆಯವರ ರಕ್ತ ಏರಸಬೇಕು," ಎಂದರು ಕಲಬುರ್ಗಿಯ ಡಾಕ್ಟರು.

ಸೇಡಂನ ಮನೆಗೆ ಯಜಮಾನ ಭಾವ ಅಂಬರಾಯ. ಮೀಸೆ ತಿರುವಿ ತೀರ್ಪು ಕೊಟ್ಟ: "ನಮ್ಮ ಮನ್ತನದಾಗ ಇಂಥಾ ರೋಗ ಇಲ್ಲ. ಇದು ಆಕಿ ತವರಿಂದ ಬಂದದ್ದು."

ಗಂಡ ಗೊಲ್ಲಾಳಪ್ಪ ನೆಲ ನೋಡುತ್ತ ನಿಂತ. ಅಣ್ಣನೆದುರು ಅವನಿಗೆ ಬೇರೆ ಕಸುಬೇ ಗೊತ್ತಿರಲಿಲ್ಲ.

ಅವನ ರಕ್ತ ಕೂಸಿನದಕ್ಕೆ ಕೂಡಲಿಲ್ಲ. ಶಿವಕಾಂತಮ್ಮ ಬಸುರಿ, ಅವಳದು ತೆಗೆಯುವಂತಿರಲಿಲ್ಲ. ಕೂಡಿದ್ದು ಅಂಬರಾಯನದು. ಕುಸ್ತಿಯಾಡಿದ ಮೈ. "ಬೇಕಾದಷ್ಟು ತಗೊಳ್ಳಲಿ," ಎಂದು ಕಟ್ಟೆಯ ಮೇಲೆ ಜನರ ಮುಂದೆ ಎದೆ ತಟ್ಟಿಕೊಂಡ.

ಕಲಬುರ್ಗಿಗೆ ಹೊರಟ ದಿನ ಕೂಸನ್ನು ಎತ್ತಿಕೊಳ್ಳಲು ನೆರೆಮನೆಯ ಆಶಾಬಿ ಜೊತೆಗೆ ಬಂದಳು. ವಾಡಿ ಸ್ಟೇಶನ್ನಿನಲ್ಲಿ ಗಾಡಿ ಬದಲಿಸಬೇಕು. ನೀರು ಕುಡಿದು ಬರುತ್ತೇನೆಂದು ಹೋದ ಅಂಬರಾಯ ಬರಲಿಲ್ಲ. ಆಚೆ ಸೇಡಂಗೆ ಹೊರಟಿದ್ದ ಗಾಡಿಯ ಕಿಟಕಿಯಲ್ಲಿ ಅವನು ತಲೆ ಮೇಲೆ ಟವಲು ಹೊದ್ದು ಕುಳಿತಿದ್ದ. ಆ ಗುಡ್ಡದಂಥ ಮೈ ಟವಲಿಗೆ ಅಡಗುವಂಥದ್ದೇ!

"ನಿನ್ನ ಭಾವ ಓಡಾಕತ್ಯಾನಲ್ಲ," ಎಂದಳು ಆಶಾಬಿ.

"ಓಡ್ಲಿ ಬಿಡು. ಆ ರಕ್ತ ಹೊಕ್ಕರ ನನ್ನ ಮಗಳಿಗೆ ಅಂಜುಬುರುಕತನಾನೂ ಹೊಕ್ಕೀತು."

"ನಡಿ, ನಂದು ನೋಡಲಿ. ಕೂಡಿದರ ಕೂಡ್ತದ."

ಕೂಡಿತು. ಸೂಜಿ ಚುಚ್ಚಿದಾಗ ಆಶಾಬಿ ಆ ಡಾಕ್ಟರನ ವಂಶವನ್ನೆಲ್ಲ ಬೈದಳು, ತೋಳು ಮಾತ್ರ ಹಿಂದೆಳೆದುಕೊಳ್ಳಲಿಲ್ಲ. ಸಂಜೆಗೆ ಮಾಣಿಕಮ್ಮನ ತುಟಿ ಬಣ್ಣ ತಿರುಗಿತು. ಎಂದೂ ಹಸಿವೆನ್ನದ ಕೂಸು ರೊಟ್ಟಿಗಾಗಿ ಅತ್ತಿತು.

ಊರಿಗೆ ಬಂದರೆ ಬಾಗಿಲಲ್ಲಿ ಅಂಬರಾಯ ಅಡ್ಡ ನಿಂತಿದ್ದ. ಟವಲು ಈಗ ಹೆಗಲ ಮೇಲಿತ್ತು.

"ಸಾಬರ ರಕ್ತ ಹಾಕಿಸಿದ ಕೂಸು ನಮ್ಮ ದೇವರ ಮನ್ಯಾಗ ಬರಬಾರದು."

ಶಿವಕಾಂತಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು, ಸಂತೆಯಲ್ಲಿ ಹುಳ ಹಿಡಿದ ಬದನೆಕಾಯಿ ನೋಡುವ ಹಾಗೆ. "ದೇವರನ್ನ ನೀವೇ ಇಟ್ಕೋರಿ, ಭಾವಾರ. ಕೂಸಿಗೆ ಅವನೂ ಅಂಜಿದ್ರ ನಿಮಗ ಜೋಡಿ ಆಗ್ತಾನ."

ಬಾಗಿಲಲ್ಲಿದ್ದ ಹೆಂಗಸರು ಸೆರಗಿನಲ್ಲಿ ನಕ್ಕರು. ಅವಳು ತಿರುಗಿ ಆಶಾಬಿಯ ಹಿತ್ತಲ ಕೋಣೆಗೆ ನಡೆದಳು.

ಬರುವ ತಿಂಗಳು ಮತ್ತೆ ರಕ್ತ ಬೇಕು, ಆಶಾಬಿಯದು ಅಷ್ಟು ಬೇಗ ತೆಗೆಯುವಂತಿಲ್ಲ, ಮತ್ತೆ ಯಾರನ್ನಾದರೂ ಹುಡುಕಬೇಕು. ಅದನ್ನೇ ಯೋಚಿಸುತ್ತಿದ್ದಾಗ ಗೊಲ್ಲಾಳಪ್ಪ ಕೌದಿ ಹೊತ್ತುಕೊಂಡು ಬಂದ. ನೆಲವನ್ನೇ ನೋಡುತ್ತಿದ್ದ, ಆದರೂ ಬಂದಿದ್ದ.

ಅವಳು ಕೂಸನ್ನು ಪಕ್ಕಕ್ಕೆ ಸರಿಸಿದಳು. ಚಾಪೆಯ ಒಂದು ಮೂಲೆ ತೋರಿಸಿದಳು.