ಉಪ್ಪು ಕುಡಿದ ಬದನೆ ಗಿಡ

ನನ್ನ ಕಣ್ಣು ಕೆಟ್ಟದ್ದು ಎಂದು ಮೊದಲು ಹೇಳಿದವರು ನನ್ನ ಅತ್ತೆ ಮುದುಕವ್ವ. ಹೇಳಿದ್ದೂ ಹಿತ್ತಲಿನ ಬದನೆ ಗಿಡದ ಮುಂದೆ ನಿಂತು, ನೆರೆಮನೆಗೂ ಕೇಳುವ ಹಾಗೆ. ನಾಲ್ಕು ಎಲೆಗೆ ತೂತು ಬಿದ್ದಿತ್ತು, ಅಷ್ಟೇ. ಮಗುಚಿ ನೋಡಿದ್ದರೆ ಹುಳ ಅಲ್ಲೇ ಕೂತು ತಿನ್ನುತ್ತಿತ್ತು. ನೋಡುವವರು ಯಾರು? ಮದುವೆಯಾಗಿ ಎರಡು ವರ್ಷವಾದರೂ ಮಡಿಲು ತುಂಬದ ಸೊಸೆ ಮನೆಯಲ್ಲಿರುವಾಗ ಹುಳ ಹುಡುಕುವ ಕಷ್ಟವೇಕೆ!

"ಇಕಿ ನದರ ಭಾಳ ಕೆಟ್ಟೈತಿ. ಇನ್ನ ಹಿತ್ತಲಕ್ಕ ಕಾಲಿಡಬ್ಯಾಡ" ಎಂದರು.

ನಮ್ಮ ಸೀಮೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿದ ವರ್ಷವೇ ನಾನು ಕೊಣ್ಣೂರು ಬಿಟ್ಟು ಸವಡಿಗೆ ಸೊಸೆಯಾಗಿ ಬಂದವಳು. ನನ್ನಪ್ಪ ತೋಟಪ್ಪ ಹೊಳೆದಂಡೆಯಲ್ಲಿ ಬದನೆ ಬೆಳೆಯುತ್ತಿದ್ದ. "ಎಲಿ ತೂತಾದ್ರ ಹುಳ ಹುಡುಕು, ಮುದುಡಿದ್ರ ಎಲಿ ಅಡಿಗೆ ನೋಡು, ಅಂಚು ಸುಟ್ರ ಬುಡ ನೋಡು ಕಳಕವ್ವಾ" ಎಂದು ಕಲಿಸಿದ್ದ. ಅಂಥವನ ಮಗಳಿಗೆ ಹಿತ್ತಲು ಬಂದ್! ಸಿಟ್ಟಿಗೆ ಎರಡು ದಿನ ಬೇಕೆಂದೇ ರೊಟ್ಟಿ ಕರಕು ಮಾಡಿದೆ.

ಹೊಟ್ಟೆಗೆ ಬೆಂಕಿ ಬಿದ್ದದ್ದು ಆಮೇಲೆ. ನಾದಿನಿ ಮಾನವ್ವ ಬಾಣಂತನಕ್ಕೆ ಬಂದು ಹೆಣ್ಣು ಹೆತ್ತಳು. ಹನ್ನೆರಡು ದಿನವಾದರೂ ಆ ಕೂಸನ್ನು ನನ್ನ ಕೈಗೆ ಕೊಡಲಿಲ್ಲ. ಮರುದಿನ ತೊಟ್ಟಿಲಿಗೆ ಹಾಕುವ ಶಾಸ್ತ್ರ. ಮುತ್ತೈದೆಯರು ಕೂಸನ್ನು ತೊಟ್ಟಿಲ ಕೆಳಗಿಂದ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸಬೇಕು. ಓಣಿಯ ಹೆಂಗಸರಿಗೆಲ್ಲ ಕರೆ ಹೋಗಿತ್ತು. ನನಗೆ ಮಾತ್ರ ಅತ್ತೆ, "ನೀ ಒಲಿ ಮುಂದ ಇರು. ಬದನಿ ಗಿಡ ಸುಟ್ಟಿ, ಇನ್ನ ಕೂಸನ್ನೂ ಸುಡತಿ" ಎಂದರು.

ಗಿಡ ಸುಟ್ಟೆನೇ? ಒಂದು ತಿಂಗಳಿಂದ ನಾನು ಅವುಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಕೈಯ ಹಿಟ್ಟು ಕೊಡವಿ ನೇರ ಹಿತ್ತಲಿಗೆ ನಡೆದೆ.

ಹನ್ನೆರಡು ಗಿಡಗಳೂ ಜೋತುಬಿದ್ದಿದ್ದವು. ಎಲೆಗಳ ಅಂಚು ಸುತ್ತಲೂ ಕಂದಾಗಿ ಒಣಗಿತ್ತು, ಮುಟ್ಟಿದರೆ ಪುಡಿಯಾಗುತ್ತಿತ್ತು. ಮಗುಚಿದೆ. ಹುಳವಿಲ್ಲ, ಹೊಸ ತೂತಿಲ್ಲ. ಅಪ್ಪ ಹೇಳಿದಂತೆ ಬುಡ ನೋಡಿದೆ. ಎರೆಮಣ್ಣಿನ ಮೇಲೆ ಬೆಳ್ಳಗೆ ಪೊರೆ ಕಟ್ಟಿತ್ತು. ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿಕೊಂಡೆ. ಉಪ್ಪು!

ಅಷ್ಟರಲ್ಲಿ ಅತ್ತೆ ತುಂಬಿದ ತಂಬಿಗೆ ಹಿಡಿದು ಬಂದರು. ತಳದಲ್ಲಿ ಹರಳುಪ್ಪು ಇನ್ನೂ ಕರಗುತ್ತಿತ್ತು. ಮನುಷ್ಯರಿಗೆ ದೃಷ್ಟಿ ತೆಗೆದ ಉಪ್ಪನ್ನು ಯಾರಾದರೂ ಬಚ್ಚಲಿಗೆ ಚೆಲ್ಲುತ್ತಾರೆ. ಈ ಮಹಾತಾಯಿ ಗಿಡದ ದೃಷ್ಟಿ ಗಿಡದ ಬುಡದಲ್ಲೇ ಕರಗಬೇಕೆಂದು ದಿನಾ ಸಂಜೆ ಅಲ್ಲೇ ಹೊಯ್ಯುತ್ತಿದ್ದರು. ಎಲೆ ಸುಟ್ಟಷ್ಟೂ ಉಪ್ಪು ಹೆಚ್ಚಿಸಿದ್ದರು.

"ನಿನ್ನ ನದರ ತಗದು ತಗದು ನನಗ ಸಾಕಾಗೈತಿ. ಮತ್ತ ಇಲ್ಲೇ ಬಂದಿಯೇನ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬರುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ. ತಂಬಿಗೆ ಕಸಿದುಕೊಂಡೆ.

"ಕೂಸಿಗೂ ನನ್ನ ನದರ ಬೀಳತೈತಿ ಅಂದ್ರೆಲ್ರಿ? ಹಂಗಾರ ಈ ನೀರು ಕೂಸಿಗೂ ಕುಡಸೂಣು ಬರ್ರಿ!" ಎಂದು ಒಳಗೆ ಹೊರಟೇಬಿಟ್ಟೆ.

ಅತ್ತೆ ಓಡಿಬಂದು ನನ್ನ ಸೆರಗು ಜಗ್ಗಿದರು. "ಏ ಹುಚ್ಚಿ! ಇಷ್ಟು ಉಪ್ಪು ಕುಡಿಸಿದ್ರ ಕೂಸು ಉಳೀತೈತೇನ?"

"ಗಿಡ ಹ್ಯಾಂಗ ಉಳೀತಾವ್ರಿ, ಅತ್ತೀ?"

ಅವರು ಸೆರಗು ಬಿಟ್ಟು ಗಿಡಗಳ ಕಡೆ ತಿರುಗಿ ನೋಡಿದರು. ಹಿತ್ತಲ ಬಾಗಿಲಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಮಾನವ್ವ ಎಲ್ಲ ಕೇಳಿಸಿಕೊಂಡಿದ್ದಳು. "ಯವ್ವಾ, ಗಿಡ ಸುಟ್ಟಾಕಿ ನೀನ ನೋಡು" ಎಂದಳು. ನನ್ನ ಕೈಯ ತಂಬಿಗೆ ಇಸಿದುಕೊಂಡು ಬಚ್ಚಲಿಗೆ ಬೋರಲು ಹಾಕಿದಳು. ಬಂದು ಕೂಸನ್ನು ನನ್ನ ತೋಳಿಗೆ ಕೊಟ್ಟಳು.

"ಮಾರಿ ನೋಡಬ್ಯಾಡವಾ" ಎಂದರು ಅತ್ತೆ, ಸಣ್ಣ ದನಿಯಲ್ಲಿ.

ನನ್ನ ಸಿಟ್ಟು ಇಳಿದಿರಲಿಲ್ಲ. ಅವರ ಎದುರಿಗೇ ನಿಂತು ಕೂಸಿನ ಮುಖವನ್ನು ಕಣ್ತುಂಬ ನೋಡಿದೆ.