ಉಪ್ಪು ನೋಡುವವಳು

ಜತ್ತನ್ನ ಪಾದ್ರಿಗಳು ಕೊಡೆ ಮಡಚಿ ಜಗಲಿಗೆ ಹತ್ತಿ ಬಂದ ಕಾರಣ ಹೇಳಿದಾಗ ರಹಮತ್ ಬೀಗೆ ಮೊದಲು ಬಂದದ್ದು ನಗು. ವೇಲ್ಸ್ ಎಂಬ ಸೀಮೆಯಿಂದ ನಾಲ್ಕು ಜನ ಕಾಲೇಜು ಮಕ್ಕಳು ಬೇಸಿಗೆ ರಜೆಯಲ್ಲಿ ಸೇವೆ ಮಾಡಲು ಕೊಪ್ಪಕ್ಕೆ ಬರುತ್ತಾರಂತೆ. ಪ್ರಾರ್ಥನಾ ಮಂದಿರದ ಹಿಂದೆ ಮಕ್ಕಳಿಗೊಂದು ಪಾಠದ ಕೋಣೆ ಕಟ್ಟಿಕೊಡುತ್ತಾರಂತೆ. ಮೂವರು ಹುಡುಗರು ಮಂದಿರದಲ್ಲೇ ಮಲಗುತ್ತಾರೆ, ಇರುವ ಒಬ್ಬಳು ಹುಡುಗಿಗೆ ಮಾತ್ರ ಹೆಂಗಸರಿರುವ ಮನೆ ಬೇಕು. ಪಾದ್ರಿಗಳ ಮನೆಯಲ್ಲೋ ಎರಡು ಕೋಣೆ, ಏಳು ತಲೆ.

"ಎಂತ ಬೇಸಿಗೆ ಮಾರಾಯ್ರೆ, ಈ ಆರಿದ್ರಾ ಮಳೆಯಲ್ಲಿ?"

"ಅವರ ದೇಶದಲ್ಲಿ ಈಗ ಬೇಸಿಗೆ ರಹಮತಮ್ಮ."

"ಹಂಗಾದ್ರೆ ಗೋಡೆನೂ ಅಲ್ಲೇ ಕಟ್ಟಿ ತರ್ಲಿ. ಇಲ್ಲಿ ಇವತ್ತು ಇಟ್ಟ ಇಟ್ಟಿಗೆ ನಾಳೆ ತುಂಗಾ ಹೊಳೆಯಲ್ಲಿ ಇರ್ತದೆ."

ನಗುವುದು ಮುಗಿದ ಮೇಲೆ ಒಪ್ಪಿಕೊಂಡಳು. ಹಿಂದಿನ ಚಳಿಗಾಲದಲ್ಲಿ ಅತ್ತೆ ಹಾಸಿಗೆ ಹಿಡಿದಾಗ ಪಾದ್ರಿಗಳ ಹೆಂಡತಿ ದಿನಾ ಬಂದು ಮುದುಕಿಯ ಮೈ ಒರೆಸಿ, ತಲೆ ಬಾಚಿ ಹೋಗುತ್ತಿದ್ದರು. ಅಂಥ ಋಣವನ್ನು ಬಾಯಿಮಾತಲ್ಲಿ ತೀರಿಸಲು ಬರುವುದಿಲ್ಲ. ಅತ್ತೆ ಹೋದ ಮೇಲೆ ಆ ಕೋಣೆ ಖಾಲಿಯೂ ಇತ್ತು. ಗಂಡ ಕಮಾಲುದ್ದೀನ್ ಬಸ್ ಸ್ಟ್ಯಾಂಡಿನ ಎದುರು ಛತ್ರಿ, ಟಾರ್ಪಾಲು ಮಾರುವವನು, ಹೆಂಡತಿ ಹೂಂ ಅಂದದ್ದಕ್ಕೆ ಊಹೂಂ ಅಂದು ಗೊತ್ತೇ ಇಲ್ಲದವನು. ಹೀಗೆ ಎಂಬತ್ತೊಂದನೆಯ ಇಸವಿಯ ಜೂನ್ ಕೊನೆಯಲ್ಲಿ ಗ್ವೆನ್ ಎಂಬ ಹುಡುಗಿ, ತೋಳಿಲ್ಲದ ಅಂಗಿಗಳು ತುಂಬಿದ ಪೆಟ್ಟಿಗೆ ಹಿಡಿದು ಕೊಪ್ಪದ ಆ ಮನೆಗೆ ಬಂದಳು.

ಮಳೆಗೆ ಹೆದರಿ ನಾಲ್ಕೇ ದಿನಕ್ಕೆ ಓಡುತ್ತಾಳೆ ಎಂದು ಬೀದಿಯವರು ಮಾತಾಡಿಕೊಂಡರು. ಓಡಲಿಲ್ಲ. ಅವಳ ಊರಿನಲ್ಲೂ ಮಳೆ ಹೀಗೇ ಕುಟ್ಟುತ್ತದಂತೆ. ಬೇಸಿಗೆ ಇರುವುದು ಪಂಚಾಂಗದಲ್ಲಿ ಮಾತ್ರವಂತೆ. ಖಾರಕ್ಕೆ ಅಳುತ್ತಾಳೆ ಅಂದರು, ಅಳಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ತಲೆಯಾಡಿಸಿ "ತುಂಬಾ ಚೆನ್ನಾಗಿದೆ" ಎಂದಳು. ಅವಳಿಗೆ ಬರುತ್ತಿದ್ದ ಕನ್ನಡವೆಲ್ಲ ಅಷ್ಟೇ. ಹೊರಡುವ ಮೊದಲು ಅವರ ಮುಖಂಡರು ನಾಲ್ವರಿಗೂ ಪಾಠ ಮಾಡಿದ್ದರಂತೆ: ಆ ಜನ ಏನು ಕೊಟ್ಟರೂ ಬೇಡ ಅನ್ನಬಾರದು, ಯಾವುದಕ್ಕೂ ಹೆಸರಿಡಬಾರದು, ಹೊಗಳಬೇಕು. ಈ ಹುಡುಗಿ ಪಾಠವನ್ನು ಚಾಚೂ ತಪ್ಪದೆ ಕಲಿತಿದ್ದಳು. ಬಚ್ಚಲಿನ ಹೊಗೆ ತುಂಬಾ ಚೆನ್ನಾಗಿದೆ. ತಿಗಣೆಯ ಹಾಸಿಗೆ ತುಂಬಾ ಚೆನ್ನಾಗಿದೆ. ಕಮಾಲುದ್ದೀನನ ಗೊರಕೆ ಹೇಗಿದೆಯೆಂದು ಕೇಳಿದ್ದರೆ ಅದೂ ತುಂಬಾ ಚೆನ್ನಾಗಿಯೇ ಇರುತ್ತಿತ್ತು.

"ಕೋಲೆ ಬಸವನ ಹಂಗೆ ತಲೆ ಆಡಿಸ್ತದೆ ಗಿರಿಯಮ್ಮ," ರಹಮತ್ ಬೀ ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡಳು. "ಇಷ್ಟ ಯಾವುದು, ಕಷ್ಟ ಯಾವುದು, ಒಂದೂ ಗೊತ್ತಾಗೋದಿಲ್ಲ. ತಟ್ಟೆಯಲ್ಲಿ ಅರ್ಧ ಹಂಗೇ ಉಳಿಸ್ತದೆ. ದಿನಾ ಒಂದು ಸುತ್ತು ಸಣ್ಣ ಆಗ್ತಿದೆ ಮಾರಾಯ್ತಿ."

"ಇರ್ಲಿ ರಹಮತಕ್ಕ. ಊರಿಗೆ ಬಂದವಳು ನೀರಿಗೆ ಬರದೆ ಎಲ್ಲಿಗೆ ಹೋಗ್ತಾಳೆ?"

ಕೆಲಸವಾದರೂ ಇದ್ದಿದ್ದರೆ ಹುಡುಗಿಯ ಮನಸ್ಸು ನಿಲ್ಲುತ್ತಿತ್ತೇನೋ. ಅಗೆದ ಪಾಯದಲ್ಲಿ ಮೊಣಕಾಲುದ್ದ ನೀರು ನಿಂತು ಕಪ್ಪೆಗಳು ಸಂಸಾರ ಹೂಡಿದ್ದವು. ಗೋಡೆ ಕಟ್ಟಲು ಬಂದವರು ಬೆಂಚುಗಳ ಬೂಷ್ಟು ಒರೆಸುತ್ತ, ಬಂದ ನಾಲ್ಕು ಮಕ್ಕಳಿಗೆ ಹಾಡು ಕಲಿಸುತ್ತ ಕುಳಿತರು. ಹುಡುಗರು ಕಪ್ಪೆ ಹಿಡಿದಾದರೂ ಕಾಲ ಕಳೆದರು. ಗ್ವೆನ್ ಸಂಜೆ ಬಂದು ಅತ್ತೆಯ ಕೋಣೆಯ ಕಿಟಕಿಯಲ್ಲಿ ಕುಳಿತು ಬೀದಿ ನೋಡುತ್ತಿದ್ದಳು. ತಾನು ಯಾರಿಗೂ ಬೇಡದ ಊರಿಗೆ ಬಂದೆ ಎನ್ನುವುದು ಆ ಬೆನ್ನಿನಲ್ಲೇ ಬರೆದಿತ್ತು. ಮುಂಚೆಯೇ ವಾಪಸು ಕಳಿಸಿಬಿಡಲೇ ಎಂದು ಪಾದ್ರಿಗಳು ಒಮ್ಮೆ ಕೇಳಿದರು. ರಹಮತ್ ಬೀಗೆ ಅವಮಾನವಾಯಿತು. ತನ್ನ ಮನೆಯಿಂದ ಒಬ್ಬಳು ಹಸಿದು ಹಿಂತಿರುಗುವುದೇ?

ಅಷ್ಟರಲ್ಲಿ ರಂಜಾನ್ ಬಂತು. ಹುಡುಗಿಯ ಚಿಂತೆಯ ಜೊತೆಗೆ ಅವಳ ತಲೆಯ ಮೇಲೆ ಹಂಡೆಯ ಚಿಂತೆಯೂ ಕುಳಿತಿತು.

ಹಂಡೆಯ ಕಥೆ ಹೇಳಬೇಕು. ಆ ತಿಂಗಳ ಮೂವತ್ತು ದಿನವೂ ಸಂಜೆ ಮಸೀದಿಯಲ್ಲಿ ಉಪವಾಸದ ರೋಜಾ ಬಿಡುವವರಿಗೆ ಗಂಜಿ ಹೋಗುತ್ತಿದ್ದದ್ದು ಇದೇ ಮನೆಯಿಂದ. ಅಕ್ಕಿ, ಹೆಸರುಬೇಳೆ, ಮೆಂತೆ, ಬೆಳ್ಳುಳ್ಳಿ, ಖೀಮಾ, ಕೊನೆಗೆ ತೆಂಗಿನ ಹಾಲು. ಬಸ್ ಸ್ಟ್ಯಾಂಡಿನ ಹಮಾಲಿಗಳಿಂದ ಹಿಡಿದು ಶಿವಮೊಗ್ಗದ ಲಾರಿ ಡ್ರೈವರುಗಳವರೆಗೆ ಆ ಗಂಜಿಗೆ ಕಾಯುವವರಿದ್ದರು. ಬೇಯಿಸುತ್ತಿದ್ದವಳು ರಹಮತ್ ಬೀ, ಉಪ್ಪು ನೋಡುತ್ತಿದ್ದವಳು ಅತ್ತೆ. ಮುದುಕಿಗೆ ಸಕ್ಕರೆ ಕಾಯಿಲೆ, ರೋಜಾ ಇಡುವಂತಿರಲಿಲ್ಲ. ಅದೇ ಈ ಮನೆಯ ಪುಣ್ಯವಾಗಿತ್ತು. ಒಲೆಯ ಮುಂದೆ ಮಣೆ ಹಾಕಿ ಕುಳಿತು, ಸೌಟಿನಿಂದ ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಥೂ, ಸಪ್ಪೆ" ಎನ್ನುವಳು. ಇಪ್ಪತ್ತು ವರ್ಷ ಸೊಸೆಯನ್ನು ಒಮ್ಮೆಯೂ ಹೊಗಳಲಿಲ್ಲ.

ಉಪ್ಪಿಗೆ ಒಂದು ಅಳತೆ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಮಲೆನಾಡಿನ ಮಳೆಗಾಲದಲ್ಲಿ ಮರದ ಮರಿಗೆಯ ಕಲ್ಲುಪ್ಪು ನೀರೊಡೆದು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಒಂದು ಹಿಡಿ ಎನ್ನುವುದಕ್ಕೆ ಅರ್ಥವೇ ಇಲ್ಲ. ನಾಲಿಗೆ ತುದಿಗೆ ಮುಟ್ಟಿಸಿ ಉಗುಳಿದರೆ ರೋಜಾ ಮುರಿಯುವುದಿಲ್ಲ ಎಂದು ಮಸೀದಿಯ ಹಜ್ರತರು ಹೇಳಿದ್ದುಂಟು. ಆದರೆ ರಹಮತ್ ಬೀಯ ಮನಸ್ಸು ಹಜ್ರತರಿಗಿಂತ ಬಿಗಿ. ಗಿರಿಯಮ್ಮ ಬೇಕಾದರೆ ಪ್ರಾಣ ಕೊಟ್ಟಾಳು, ಖೀಮಾ ಹಾಕಿದ ಗಂಜಿಯನ್ನು ನಾಲಿಗೆಗೆ ಮುಟ್ಟಿಸಳು. ಬೀದಿಯ ಮಕ್ಕಳೆಲ್ಲ ಆ ವರ್ಷ ಹಟಕ್ಕೆ ಬಿದ್ದು ರೋಜಾ ಹಿಡಿದಿದ್ದವು.

ಮೊದಲ ದಿನ ಗಂಜಿ ಉಪ್ಪುಪ್ಪಾಯಿತು. ಮರುದಿನ ಹೆದರಿ ಕೈ ಹಿಡಿದಳು, ಸಪ್ಪೆಯಾಯಿತು. ಮಸೀದಿಯ ಕಮಿಟಿಯ ಮಹಮ್ಮದ್ ಶಫಿ ಅಂಗಡಿಗೆ ಬಂದು ಕಮಾಲುದ್ದೀನನ ಭುಜದ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಕೋಬೇಡ ಮಾರಾಯ. ಅಮ್ಮ ಹೋದ ಮೇಲೆ ನಿಮ್ಮನೆಯವರಿಗೂ ಕಷ್ಟ. ಜಹೀರಾಳ ಮನೇಲಿ ಮಾಡ್ತೀವಿ ಅಂತ ಕೇಳ್ತಿದಾರೆ. ಶುಕ್ರವಾರದ ತನಕ ನೋಡುವ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅನುಕಂಪ ತೋರಿಸಿದನಲ್ಲ, ಅದನ್ನು ಗಂಡನ ಬಾಯಲ್ಲಿ ಕೇಳಿ ರಹಮತ್ ಬೀಗೆ ಮೈಯೆಲ್ಲ ಉರಿಯಿತು. ಅತ್ತೆಯ ಹಂಡೆ ಅತ್ತೆ ಸತ್ತ ವರ್ಷವೇ ಬೇರೆ ಮನೆಯ ಒಲೆಗೆ ಏರಬೇಕೇ? ಆಗ ಅವಳ ಕಣ್ಣು ಕಿಟಕಿಯ ಹತ್ತಿರ ಕುಳಿತ ಗ್ವೆನ್‌ಳ ಮೇಲೆ ಬಿತ್ತು. ರೋಜಾ ಇಲ್ಲದ, ಖೀಮಾ ತಿನ್ನುವ, ಸುಮ್ಮನೆ ಕುಳಿತ ನಾಲಿಗೆಯೊಂದು ಮನೆಯೊಳಗೇ ಇದೆಯಲ್ಲ!

ಮರುದಿನ ಗಂಜಿ ಕುದಿಯುವಾಗ ಕೈಸನ್ನೆಯಲ್ಲಿ ಕರೆದಳು. ಹುಡುಗಿ ದಡಬಡ ಬಂದಳು. ಅಂಗೈಗೆ ಗಂಜಿ ಹಾಕಿ, ಮರಿಗೆ ತೋರಿಸಿ, "ಉಪ್ಪು? ಉಪ್ಪು ಸರಿಯಾ?" ಎಂದಳು. ಗ್ವೆನ್ ನೆಕ್ಕಿದಳು, ಹಲ್ಲೆಲ್ಲ ತೋರಿಸಿ ನಕ್ಕಳು.

"ತುಂಬಾ ಚೆನ್ನಾಗಿದೆ!"

ಹಂಡೆ ಹೊರಟಿತು. ಅರ್ಧ ತುಂಬಿಕೊಂಡೇ ತಿರುಗಿ ಬಂತು. ಅದು ಹಾಗೆ ಬಂದದ್ದು ಆ ಮನೆಯ ಚರಿತ್ರೆಯಲ್ಲೇ ಮೊದಲು. ಕಮಾಲುದ್ದೀನ್ ಯಾರ ಮುಖವನ್ನೂ ನೋಡದೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ರಹಮತ್ ಬೀ ಒಂದು ಬಟ್ಟಲು ತುಂಬ ಗಂಜಿ ಬಡಿಸಿ ಹುಡುಗಿಯ ಮುಂದೆ ಕುಕ್ಕಿದಳು, ತಾನೂ ಒಂದು ಬಟ್ಟಲು ಹಿಡಿದು ಎದುರು ಕುಳಿತಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಅವಳ ಕ್ರಮ. ಸಿಟ್ಟು ಬಂದಾಗ ಮಾತ್ರ ಎರಡೂ.

"ತಿನ್ನು. ಚೆನ್ನಾಗಿದೆಯಾ?"

"ತುಂಬಾ ಚೆನ್ನಾ..."

"ಸುಳ್ಳು!" ರಹಮತ್ ಬೀ ಒಂದು ಚಮಚ ಬಾಯಿಗಿಟ್ಟು ಮುಖ ಕಿವುಚಿದಳು. "ಥೂ! ದನದ ಕಲಗಚ್ಚು!" ಎಂದು ಬಟ್ಟಲು ಆಚೆ ತಳ್ಳಿದಳು.

ಹುಡುಗಿ ಮಾತು ತಿಳಿಯದಿದ್ದರೂ ಮುಖ ತಿಳಿದಳು. ಬಟ್ಟಲು ನೋಡಿದಳು, ರಹಮತ್ ಬೀಯನ್ನು ನೋಡಿದಳು. ಆಮೇಲೆ ತುಂಬ ಸಣ್ಣ ದನಿಯಲ್ಲಿ, "ಇಲ್ಲ" ಎಂದಳು. "ಚೆನ್ನಾಗಿ... ಇಲ್ಲ." ಅಷ್ಟು ಹೇಳಿ ಗೊಳೋ ಎಂದು ಅತ್ತುಬಿಟ್ಟಳು. ಎರಡು ವಾರದಿಂದ ಹಿಡಿದಿಟ್ಟದ್ದೆಲ್ಲ ಬಂತು: ಖಾರ, ತಿಗಣೆ, ಕಪ್ಪೆಯ ಪಾಯ, ದೂರದ ಅಮ್ಮ.

ರಹಮತ್ ಬೀಯ ಸಿಟ್ಟು ಎಲ್ಲಿ ಹೋಯಿತೋ. ಎದ್ದು ಹೋಗಿ ಆ ಕೆಂಪು ಕೂದಲಿನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು.

"ಹಾಂ, ಹಂಗೆ ಹೇಳು ಮಗಳೇ. ಹೊಗಳೋದು ನೆಂಟರು ಕಣೇ. ಬೈಯೋದು ಮನೆಯವರು. ನನ್ನ ಅತ್ತೆ ಬೈದೂ ಬೈದೂ ಈ ಹಂಡೆಗೆ ಹೆಸರು ಬಂದದ್ದು."

ಇದರಲ್ಲಿ ಎಷ್ಟು ಅವಳಿಗೆ ಅರ್ಥವಾಯಿತೋ, ದೇವರೇ ಬಲ್ಲ. ಆದರೆ ಪಾಠ ಅಲ್ಲಿಗೇ ನಿಲ್ಲಲಿಲ್ಲ. ರಹಮತ್ ಬೀ ಆ ಗಂಜಿಯನ್ನೇ ಮೂರು ಬಟ್ಟಲಿಗೆ ಹಾಕಿ, ಒಂದಕ್ಕೆ ಉಪ್ಪು ಸುರಿದು, ಒಂದಕ್ಕೆ ಹದ ಮಾಡಿ, ಒಂದನ್ನು ಹಾಗೇ ಬಿಟ್ಟು, ಕಮ್ಮಿ, ಸರಿ, ಜಾಸ್ತಿ ಎಂದು ಬಾಯಿಪಾಠ ಮಾಡಿಸಿದಳು. ಹಿತ್ತಲಿನಿಂದ ಬಂದ ಕಮಾಲುದ್ದೀನನನ್ನೂ ಕೂರಿಸಿ ತಿನ್ನಿಸಿದಳು. ಪಾಪ, ಅವನು ಮೂರಕ್ಕೂ "ಸರಿ" ಅಂದ.

ಶುಕ್ರವಾರ ಹಂಡೆ ಕುದಿಯಿತು. ಗ್ವೆನ್ ಅತ್ತೆಯ ಮಣೆಯ ಮೇಲೆ ಕುಳಿತಳು. ಬೇರೆ ಮಣೆ ಇರಲಿಲ್ಲ, ಅದಕ್ಕೇ. ರಹಮತ್ ಬೀ ಸೌಟು ಚಾಚಿದಳು. ಹುಡುಗಿ ಅಂಗೈ ನೆಕ್ಕಿ ಬಹಳ ಹೊತ್ತು ಯೋಚಿಸಿದಳು. ಹಳೆಯ ಮಾತು ತುಟಿಯವರೆಗೆ ಬಂದದ್ದು ಕಾಣುತ್ತಿತ್ತು. ನುಂಗಿಕೊಂಡಳು.

"ಕಮ್ಮಿ."

ಉಪ್ಪು ಬಿತ್ತು. ಸೌಟು ಮತ್ತೆ ಬಂತು.

"ಕಮ್ಮಿ."

ಹೊರಗೆ ಹಂಡೆ ಹೊರುವವರು ಬಂದು ನಿಂತಿದ್ದರು. ಕಮಾಲುದ್ದೀನ್ ಒಳಗೂ ಹೊರಗೂ ಓಡಾಡುತ್ತಿದ್ದ. ರಹಮತ್ ಬೀಯ ಕೈ ಮರಿಗೆಯ ಮೇಲೆ ತಡೆಯಿತು, ಮೊದಲ ದಿನದ ಉಪ್ಪುಪ್ಪು ನೆನಪಾಗಿತ್ತು. ಈ ಹುಡುಗಿಯ ನಾಲಿಗೆ ನಂಬಿ ಕೆಟ್ಟರೆ? ಹುಡುಗಿ ಮಾತ್ರ ಮಣೆಯಿಂದ ಏಳದೆ, ಮೂಗು ಸ್ವಲ್ಪ ಮೇಲೆತ್ತಿ, ಇನ್ನೊಮ್ಮೆ ಹೇಳಿದಳು, "ಕಮ್ಮಿ, ಅಮ್ಮಾ." ರಹಮತ್ ಬೀ ಬಿಸ್ಮಿಲ್ಲಾ ಎಂದು ಹಾಕಿದಳು.

"ಸರಿ."

ಆ ಸಂಜೆ ಹಂಡೆ ಖಾಲಿ ಬಂತು. ತಳ ಕೆರೆದ ಗುರುತೂ ಇತ್ತು. ಶಫಿ ಬಾಯಿ ಒರೆಸಿಕೊಳ್ಳುತ್ತ, "ಅಮ್ಮನ ಕಾಲದ್ದೇ ರುಚಿ ಮಾರಾಯ. ಯಾರು ಉಪ್ಪು ನೋಡಿದ್ದು?" ಎಂದು ಕೇಳಿದನಂತೆ.

"ನಮ್ಮನೆ ಹುಡುಗಿ," ಎಂದನಂತೆ ಕಮಾಲುದ್ದೀನ್.

ಜಹೀರಾಳ ಮನೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಗ್ವೆನ್ ದಿನಾ ಸಂಜೆ ಪ್ರಾರ್ಥನಾ ಮಂದಿರದಿಂದ ಕೊಡೆ ಹಿಡಿದು ಓಡೋಡಿ ಬರುತ್ತಿದ್ದಳು, ಕಚೇರಿಗೆ ತಡವಾದ ಗುಮಾಸ್ತನ ಹಾಗೆ. ಅತ್ತೆ ಕಣ್ಣು ಮುಚ್ಚಿ "ಥೂ, ಸಪ್ಪೆ" ಎನ್ನುತ್ತಿದ್ದುದನ್ನು ರಹಮತ್ ಬೀ ನಟಿಸಿ ತೋರಿಸಿದರೆ ಬಿದ್ದು ಬಿದ್ದು ನಗುತ್ತಿದ್ದಳು. ಒಂದು ಸಲ ಬಾಯಿಬಿಟ್ಟವಳು ಮತ್ತೆ ಮುಚ್ಚಲಿಲ್ಲ, ಅರ್ಧ ಹರಕು ಕನ್ನಡ, ಅರ್ಧ ಕೈಸನ್ನೆ. ಕಂಬಳಿ ಚುಚ್ಚುತ್ತದೆ. ತಿಗಣೆ ಇದೆ. ಚಹಾ ಪಾಯಸದ ಹಾಗಿದೆ. ನೀವೆಲ್ಲ ಉಪವಾಸ ಇರುವಾಗ ತಿನ್ನಲು ನಾಚಿಕೆಯಾಗಿ ಇಷ್ಟು ದಿನ ಮಧ್ಯಾಹ್ನದ ಊಟವನ್ನು ಬೆಕ್ಕಿಗೆ ಹಾಕಿದ್ದೆ, ನನಗೆ ಹಸಿವು. ಅದನ್ನು ಕೇಳಿದ ದಿನ ರಹಮತ್ ಬೀ ಬೆಕ್ಕು ಯಾಕೆ ಅಷ್ಟು ದಪ್ಪಗಾಯಿತೆಂದು ತಿಳಿದು ತಲೆ ಚಚ್ಚಿಕೊಂಡಳು. ಹಾಸಿಗೆ ಬದಲಾಯಿತು, ಕಂಬಳಿಗೆ ಹಳೆ ಸೀರೆಯ ಹೊದಿಕೆ ಬಂತು. ಹುಡುಗಿ ಮೈ ತುಂಬಿಕೊಂಡಳು. ಕಮಾಲುದ್ದೀನನ ಗೊರಕೆಯ ಬಗ್ಗೆಯೂ ಒಂದು ಬೆಳಿಗ್ಗೆ ದೂರು ಬಂತು. ಅದಕ್ಕೆ ಮಾತ್ರ ಆ ಮನೆಯಲ್ಲಿ ಮದ್ದಿರಲಿಲ್ಲ.

"ನೋಡಿದ್ಯಾ," ಎಂದಳು ಗಿರಿಯಮ್ಮ, "ನೀರಿಗೆ ಬಂದ್ಲು."

ಹಬ್ಬ ಮುಗಿದ ಮೂರನೆಯ ಬೆಳಿಗ್ಗೆ ನಾಲ್ವರೂ ಹೊರಡುವವರು. ಪಾಯದ ಕಪ್ಪೆಗಳು ಅಲ್ಲೇ ಇದ್ದವು, ಕೋಣೆಯನ್ನು ಡಿಸೆಂಬರಿನಲ್ಲಿ ಊರಿನವರೇ ಕಟ್ಟುವುದೆಂದು ಮಾತಾಗಿತ್ತು. ರಹಮತ್ ಬೀ ದಾರಿಗೆಂದು ಪುಲಾವ್ ಮಾಡಿದಳು. ಈಗ ರೋಜಾ ಇಲ್ಲ, ಅವಳೇ ರುಚಿ ನೋಡಿದಳು, ನೋಡಿ ಒಂದು ಚಿಟಿಕೆ ಉಪ್ಪು ಬೇಕೆಂದೇ ಕಮ್ಮಿ ಬಿಟ್ಟಳು. ಈ ಸಂಗತಿ ಅವಳು ಯಾರಿಗೂ ಹೇಳಿಲ್ಲ. ಆಮೇಲೆ ಸೌಟು ಹಿಡಿದು ಕರೆದಳು.

ಗ್ವೆನ್ ಅಂಗೈ ನೆಕ್ಕಿ ಕಣ್ಣು ಮುಚ್ಚಿದಳು. "ಥೂ, ಸಪ್ಪೆ."

"ರೋಜಾ ಮುಗಿದು ಮೂರು ದಿನ ಆಯ್ತಲ್ಲೇ," ಪೆಟ್ಟಿಗೆ ಎತ್ತಿಕೊಂಡು ನಿಂತಿದ್ದ ಕಮಾಲುದ್ದೀನ್ ಕೇಳಿದ. "ನೀನೇ ನೋಡ್ಬಹುದಿತ್ತಲ್ಲ?"

"ನೀವು ಸುಮ್ಮನೆ ಪೆಟ್ಟಿಗೆ ಹೊರಿ."

ಶಿವಮೊಗ್ಗದ ಬಸ್ಸು ನಿಂತಿತ್ತು. ಪಾದ್ರಿಗಳು, ಅವರ ಹೆಂಡತಿ, ಹಾಡು ಕಲಿತ ಮಕ್ಕಳು, ಗಿರಿಯಮ್ಮ, ಶಫಿ, ಎಲ್ಲ ಬಂದಿದ್ದರು. ಪಾದ್ರಿಗಳು ಕಿಟಕಿಯ ಹತ್ತಿರ ಹೋಗಿ, ಎಲ್ಲರಿಗೂ ಕೇಳಲಿ ಎಂದು ದೊಡ್ಡ ದನಿಯಲ್ಲಿ, "ನಮ್ಮ ಕೊಪ್ಪ ಹೇಗಿತ್ತಪ್ಪ?" ಎಂದರು. ಮೂವರು ಹುಡುಗರು ಒಂದೇ ಉಸಿರಿಗೆ, "ತುಂಬಾ ಚೆನ್ನಾಗಿತ್ತು!" ಎಂದರು. ಜನ ಚಪ್ಪಾಳೆ ತಟ್ಟಿದರು.

ಗ್ವೆನ್ ಪುಲಾವಿನ ಡಬ್ಬಿಯನ್ನು ಅವುಚಿಕೊಂಡು ಕುಳಿತಿದ್ದಳು. ಬಸ್ಸು ಗರ್ರೆಂದು ಹೊರಟಾಗ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ರಹಮತ್ ಬೀಯನ್ನು ಹುಡುಕಿದಳು. ಮುಖವೆಲ್ಲ ಒದ್ದೆಯಾಗಿತ್ತು.

"ಕಮ್ಮಿ ಆಯ್ತು, ಅಮ್ಮಾ," ಎಂದು ಕೂಗಿದಳು. "ಒಂದೂವರೆ ತಿಂಗಳು ಕಮ್ಮಿ ಆಯ್ತು!"

ಇದೆಂಥ ಮಾತು ಎಂದು ಪಾದ್ರಿಗಳು ಶಫಿಯ ಮುಖ ನೋಡಿದರು. ರಹಮತ್ ಬೀ ಬಸ್ ಸ್ಟ್ಯಾಂಡಿನ ನಡುವೆ, ನಾಚಿಕೆ ಬಿಟ್ಟು, ಸೆರಗಿನಲ್ಲಿ ಮುಖ ಹುದುಗಿಸಿಕೊಂಡು ಅಳುತ್ತಿದ್ದಳು.